ಮುಂದಿನ ಸಾಲಿನ ಜಾಗ

ಲಿಫ್ಟಿನ ಬಾಗಿಲು ಮುಚ್ಚಿಕೊಳ್ಳುತ್ತಿದ್ದಂತೆ ಹ್ವಾಜಾಳಿಗೆ, ಇವತ್ತು ಯಾರೋ ತನಗಿಂತ ಮುಂಚೆ ಬಂದಿದ್ದಾರೆ ಅನ್ನಿಸಿತು. ಅನ್ನಿಸುವುದಕ್ಕೆ ಕಾರಣವೇನೂ ಇರಲಿಲ್ಲ. ಕೆಳಗಿನ ಹೋಟೆಲಿನ ಹಂದಿಸಾರಿನ ವಾಸನೆ ದಿನವೂ ಇರುವಷ್ಟೇ ಇತ್ತು. ಲಿಫ್ಟಿನ ಕನ್ನಡಿಯಲ್ಲಿ ಅದೇ ಅಗಲ ಮುಖ, ಯಾರ ಜೊತೆಗೋ ಜಗಳ ಮುಗಿಸಿ ಬಂದಂಥ ಅದೇ ಬಾಯಿ. ಆದರೂ ಐದನೇ ಮಹಡಿಯಲ್ಲಿ ಬಾಗಿಲು ತೆರೆದದ್ದೇ ಓಡುವವಳ ಹಾಗೆ ನಡೆದು ಕುಣಿತದ ಕೋಣೆಯ ದೀಪ ಹಾಕಿದಳು. ಯಾರೂ ಇರಲಿಲ್ಲ. ಗೋಡೆಯುದ್ದದ ಕನ್ನಡಿಯಲ್ಲಿ ಅವಳೊಬ್ಬಳೇ ಒಂದು ಕೈ ಸ್ವಿಚ್ಚಿನ ಮೇಲಿಟ್ಟುಕೊಂಡು ಏದುಸಿರು ಬಿಡುತ್ತಿದ್ದಳು. ಮೊದಲ ಸಾಲಿನಲ್ಲಿ, ಎಡಗಡೆಯಿಂದ ಎರಡನೆಯ ಜಾಗಕ್ಕೆ ಹೋಗಿ, ನೀಲಿ ಟವೆಲನ್ನು ಮಡಚಿ ನೆಲದ ಮೇಲೆ ಹಾಸಿದಳು. ಹಾಸಿದ ಮೇಲೆ ಉಸಿರು ಇಳಿಯಿತು. ಆಮೇಲೆ ನಾಚಿಕೆಯಾಯಿತು. ಐವತ್ತೇಳು ವರ್ಷದ ಹೆಂಗಸು ಮೊಣಕಾಲೂರಿ ನೆಲದ ಮೇಲೆ ಟವೆಲ್ ಹಾಸುತ್ತಿದ್ದಾಳೆ, ಬಸ್ಸಿನ ಕಿಟಕಿಯಿಂದ ಸೀಟಿಗೆ ಚೀಲ ಎಸೆಯುವವರ ಹಾಗೆ. ಎಲ್ಲರೂ ಹಾಸುತ್ತಾರೆ ನಿಜ. ಆದರೆ ಬೇರೆಯವರು ಹಾಸದಿದ್ದರೂ ಅವರ ಜಾಗ ಅವರದೇ. ಇವಳು ಹಾಸಲೇಬೇಕು. ಯಾಕೆಂದರೆ ಈ ಜಾಗ ಇವಳದ್ದಲ್ಲ.

ಹೋದ ವರ್ಷ ಜಿಮ್ಮಿಗೆ ಸೇರು ಅಂದವನು ಡಾಕ್ಟರು. ಇಪ್ಪತ್ತೆರಡು ವರ್ಷ ಶಾಲೆಯ ಅಡಿಗೆಮನೆಯಲ್ಲಿ, ಮಗು ಮುಳುಗುವಷ್ಟು ದೊಡ್ಡ ಹಂಡೆಗಳಲ್ಲಿ ಸೌಟು ತಿರುವಿ ತಿರುವಿ ಬಲಭುಜ ಮೇಲಕ್ಕೆ ಏಳದಂತಾಗಿತ್ತು. ಅವನು ಕಂಪ್ಯೂಟರಿನಿಂದ ಮುಖವೆತ್ತದೆ, "ಒಬ್ಬರೇ ಮಾಡಬೇಡಿ, ಬೇಜಾರಾಗಿ ಬಿಟ್ಟುಬಿಡ್ತೀರಿ. ಗುಂಪಿನಲ್ಲಿ ಮಾಡಿ," ಅಂದ. ಒಬ್ಬರೇ ಅನ್ನುವ ಮಾತು ಅವನಿಗೆ ಎಲ್ಲಿಂದ ಬಂತು? ಹಣೆಯ ಮೇಲೆ ಬರೆದಿದೆಯೇ? ಕೇಳಿಬಿಡಬೇಕೆಂದು ಬಾಯಿ ತುರಿಸಿತು. ಕೇಳದೆ ಎದ್ದು ಬಂದಳು. ಜಿಮ್ಮಿನವರು ಮೊದಲ ವಾರ ಪುಕ್ಕಟೆ, ಎಲ್ಲ ತರಗತಿಗೂ ಹೋಗಿ ನೋಡಿ, ಒಪ್ಪಿಗೆಯಾದದ್ದಕ್ಕೆ ಸೇರಿ ಅಂದರು. ಸೋಮವಾರ ಯೋಗಕ್ಕೆ ಹೋದಳು. ಅಲ್ಲಿ ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಮೇಣದ ಬತ್ತಿಯಂಥ ಹುಡುಗಿಯೊಬ್ಬಳು ಪಿಸುದನಿಯಲ್ಲಿ, ನಿಮ್ಮ ಭುಜಕ್ಕೆ ಕ್ಷಮಿಸು ಅಂತ ಹೇಳಿ, ನಿಮ್ಮ ಮೊಣಕಾಲಿಗೆ ಥ್ಯಾಂಕ್ಸ್ ಹೇಳಿ ಅನ್ನುತ್ತಿದ್ದಳು. ಹ್ವಾಜಾ ಮೊಣಕಾಲಿಗೆ ಮನಸ್ಸಿನಲ್ಲೇ ಒಂದು ಬೈಗುಳ ಬೈದಳು. ಕೊನೆಯಲ್ಲಿ ಎಲ್ಲರೂ ಹೆಣದ ಹಾಗೆ ಅಂಗಾತ ಮಲಗಬೇಕು. ಮಲಗಿದಳು. ಎಚ್ಚರವಾದಾಗ ಕೋಣೆ ಕತ್ತಲಾಗಿತ್ತು, ಚಾಪೆಗಳೆಲ್ಲ ಸುರುಳಿಯಾಗಿ ಮೂಲೆ ಸೇರಿದ್ದವು. ನಡುವೆ ಇವಳೊಬ್ಬಳೇ ಬಾಯಿ ತೆರೆದುಕೊಂಡು ಬಿದ್ದಿದ್ದಳು. ಎಬ್ಬಿಸಿರಲಿಲ್ಲ. ದೀಪ ಆರಿಸಿ, ಬಾಗಿಲು ಸದ್ದಾಗದಂತೆ ಎಳೆದುಕೊಂಡು ಹೋಗಿದ್ದರು. ಅವರು ಮರ್ಯಾದಸ್ಥರು. ಒಬ್ಬರಾದರೂ ಕಾಲಿನಿಂದ ತಿವಿದು, ಏಳಮ್ಮಾ, ಗೊರಕೆ ಕೀಳುತ್ತಿದ್ದೀಯ ಅಂದಿದ್ದರೆ ಆ ತರಗತಿಗೇ ಸೇರುತ್ತಿದ್ದಳೇನೋ.

ಬುಧವಾರ ಸೈಕಲ್ಲು. ಎಲ್ಲಿಗೂ ಹೋಗದ ಸೈಕಲ್ಲು. ಕತ್ತಲೆ, ಕೆಂಪು ನೀಲಿ ದೀಪ, ಎದೆ ಒಡೆಯುವ ಹಾಡು. "ತಾಯೀ, ಸೀಟು ಸರಿಹೋಯ್ತಾ?" ಎಂದು ತರಬೇತಿಯ ಹುಡುಗ ಪಾದಗಳನ್ನು ಪೆಡಲಿಗೆ ಪಟ್ಟಿ ಹಾಕಿ ಕಟ್ಟಿ ಹೋದ. ಯಾರಿಗೆ ತಾಯಿಯೋ ಇವಳು. ಸ್ವಲ್ಪ ಹೊತ್ತಿಗೆ ಕಾಲುಗಳು ಅವಳ ಮಾತು ಕೇಳುವುದನ್ನು ಬಿಟ್ಟವು. ಪೆಡಲೇ ಅವುಗಳನ್ನು ಎಳೆದೆಳೆದು ತಿರುಗಿಸುತ್ತಿತ್ತು. "ನಿಲ್ಲಿಸ್ರೋ! ನಿಲ್ಲಿಸ್ರೋ ಇದನ್ನ!" ಎಂದು ಕಿರುಚಿದಳು. ಹುರುಪಿನಲ್ಲಿ ಕೂಗುತ್ತಿದ್ದಾಳೆಂದು ತಿಳಿದು ಸುತ್ತಲಿನ ಹುಡುಗ ಹುಡುಗಿಯರೆಲ್ಲ "ಹೋ!" ಎಂದು ತಿರುಗಿ ಕೂಗಿದರು. ಆ ರಾತ್ರಿ ಭುಜಕ್ಕೆ ಮುಲಾಮು ಹಚ್ಚಿಕೊಳ್ಳಲು ಕೈ ಹಿಂದಕ್ಕೆ ಹೋಗದೆ, ಬಾಗಿಲಿನ ಚೌಕಟ್ಟಿಗೆ ಮುಲಾಮು ಮೆತ್ತಿ ಬೆನ್ನು ಉಜ್ಜಿಕೊಂಡಳು, ಎಮ್ಮೆ ಕಂಬಕ್ಕೆ ಉಜ್ಜಿಕೊಳ್ಳುವ ಹಾಗೆ.

ಶುಕ್ರವಾರ ಈ ಕುಣಿತದ ತರಗತಿ. ಟ್ರಾಟ್ ಎನ್ನುವ ಹಳೆಯ ಕಾಲದ ಕೊರಿಯನ್ ಹಾಡುಗಳಿಗೆ ಕುಣಿಯುವುದು. ನಲವತ್ತು ದಾಟಿದ ಹೆಂಗಸರು, ಮಿಣಮಿಣ ಅಂಗಿ, ತುಟಿಗೆ ಬಣ್ಣ, ಹರಟೆ. ಒಳಗೆ ಕಾಲಿಟ್ಟಾಗ ಮುಂದಿನ ಸಾಲಿನಲ್ಲಿ ಒಂದು ಜಾಗ ಹಲ್ಲು ಬಿದ್ದ ಸಂದಿಯ ಹಾಗೆ ಖಾಲಿ ಇತ್ತು. ಹೋಗಿ ನಿಂತಳು. ಹರಟೆ ಅಷ್ಟಕ್ಕೇ ನಿಂತಿತು.

"ಅಲ್ಲಿ ನಿಲ್ಲಬೇಡಿ. ಅದು ಹಾನ್ಸೋಲ್‌ನ ಅಮ್ಮನ ಜಾಗ," ಅಂದಳು ಪಕ್ಕದಲ್ಲಿದ್ದ ದಪ್ಪ ಹೆಂಗಸು.

"ಎಲ್ಲಿದ್ದಾರೆ ಅವರು?"

"ಇವತ್ತು ಬಂದಿಲ್ಲ."

"ಬಂದಾಗ ನಿಲ್ಲಲಿ."

"ಹೊಸಬರು ಹಿಂದೆ ನಿಲ್ಲೋದಮ್ಮ. ಬಾಗಿಲ ಹತ್ರ."

"ನೆಲಕ್ಕೆ ಪಟ್ಟಾ ಮಾಡ್ಸಿದೀರೇನ್ರೀ? ಕಾಗದ ಇದ್ರೆ ತೋರಿಸಿ," ಅಂದಳು ಹ್ವಾಜಾ. ಅಂದ ಮೇಲೆ ಕಿವಿ ಬಿಸಿಯಾಯಿತು. ಇದೇ ಬಾಯಿಂದ ಅಡಿಗೆಮನೆಯಲ್ಲಿ ಜೊತೆಯವರೆಲ್ಲ ಒಬ್ಬೊಬ್ಬರಾಗಿ ದೂರವಾಗಿದ್ದರು. ತಮ್ಮಂದಿರ ಹೆಂಡಿರೂ ಇದೇ ಬಾಯಿಗೆ ಹೆದರಿ ಹಬ್ಬಕ್ಕೆ ಕರೆಯುವುದನ್ನು ಬಿಟ್ಟಿದ್ದರು. ಇನ್ನು ಇಲ್ಲಿಗೂ ಬರುವ ಹಾಗಿಲ್ಲ ಎಂದುಕೊಂಡು ಚೀಲ ಎತ್ತಿಕೊಳ್ಳುತ್ತಿರುವಾಗ, ಎಡತುದಿಯಲ್ಲಿ ನಿಂತಿದ್ದ ಗುಂಗುರು ಕೂದಲಿನ ಮುದುಕಿ ಪಕಪಕ ನಕ್ಕಳು. ಬಂದರಿನ ಹತ್ತಿರ ಒಣಮೀನಿನ ಅಂಗಡಿ ಇಟ್ಟವಳು, ಮಾ ಎನ್ನುವ ಮನೆತನದವಳು. ಈ ತರಗತಿಗೆ ಅವಳನ್ನೇ ಅಧ್ಯಕ್ಷೆ ಅನ್ನುತ್ತಿದ್ದರು. ಯಾರು ಆರಿಸಿದ್ದೋ ಯಾರಿಗೂ ಗೊತ್ತಿಲ್ಲ.

"ಏ, ಇವಳಿಗೆ ಬಾಯಿ ಇದೆ ಕಣ್ರೇ! ನಮ್ಮ ಮೀನು ಹರಾಜಿಗೆ ಕರ್ಕೊಂಡು ಹೋದ್ರೆ ಲಾಭ. ಯಾರ ಅಮ್ಮ ನೀನು?"

"ಯಾರ ಅಮ್ಮನೂ ಅಲ್ಲ. ಮದುವೆಯಾಗಿಲ್ಲ."

ಕೋಣೆಯಲ್ಲಿ ಯಾರೋ ಟವೆಲ್ ಕೊಡವಿದ ಸದ್ದಾಯಿತು. ಮಕ್ಕಳ ಹೆಸರಿನ ಬಾಲ ಹಿಡಿದೇ ಒಬ್ಬರನ್ನೊಬ್ಬರು ಕರೆಯುವವರು ಇವರು. ಬಾಲವಿಲ್ಲದವಳನ್ನು ಏನೆಂದು ಕರೆಯುವುದು?

"ಹಂಗಾರೆ ಹೆಸರು?"

"ಪ್ಯೋ ಹ್ವಾಜಾ."

"ಹ್ವಾಜಾ, ನೋಡು. ಹಾನ್ಸೋಲ್‌ನ ಅಮ್ಮನಿಗೆ ಎದೆಯಲ್ಲಿ ಗಂಟು. ಆಪರೇಷನ್ ಆಗಿ ಸಿಯೋಲ್‌ನಲ್ಲಿ ಮಗಳ ಮನೇಲಿದ್ದಾಳೆ. ಅವಳು ಬರೋವರ್ಗೂ ನಿಂತ್ಕೋ. ಬಂದ ದಿನ ಬಿಡಬೇಕು. ಆಯ್ತಾ?"

ಆಯಿತು ಅಂದಳು. ಅಮ್ಮ ಸತ್ತ ಮೇಲೆ ಬರಿಯ ಹ್ವಾಜಾ ಎಂದು ಯಾರೂ ಕರೆದಿರಲಿಲ್ಲ. ಅವತ್ತು ಮನೆಗೆ ಹೋಗಿ ಅಕ್ಕಿ ತೊಳೆಯುವಾಗ, ಅಧ್ಯಕ್ಷೆಯ ಗಡಸು ದನಿಯಲ್ಲಿ ತಾನೇ ಆ ಹೆಸರನ್ನು ಹೇಳಿ ನೋಡಿದಳು.

ಮುಂದಿನ ಸಾಲಿನಲ್ಲಿ ನಿಲ್ಲುವುದೆಂದರೆ ಸುಮ್ಮನೆ ನಿಲ್ಲುವುದಲ್ಲ. ಹಿಂದಿನ ಸಾಲಿನವರಿಗೆ ಟೀಚರ್ ಕಾಣುವುದಿಲ್ಲ, ಅವರು ಮುಂದಿನವರ ಕಾಲು ನೋಡಿಯೇ ಕಾಲು ಹಾಕುವುದು. ಹ್ವಾಜಾ ಮನೆಯಲ್ಲಿ ಒಲೆಯ ಮುಂದೆ ನಿಂತು ಹೆಜ್ಜೆ ಕಲಿತಳು. ಕೆಳಮನೆಯವನು ಬಂದು ಸೂರು ಬೀಳುತ್ತದೆ ಅಂದರೆ ಬೀಳಲಿ ಅಂದಳು. ಕೆಲವೇ ವಾರದಲ್ಲಿ ಇವಳು ಎಡಕ್ಕೆ ಹೋದರೆ ಹಿಂದೆ ಇರುವ ಮೂರು ನಾಲ್ಕು ಜನ ಎಡಕ್ಕೆ ಹೋಗುವುದು ಕನ್ನಡಿಯಲ್ಲಿ ಕಂಡಿತು. ಒಮ್ಮೆ ಬೇಕೆಂದೇ ತಪ್ಪು ಹೆಜ್ಜೆ ಹಾಕಿದಳು. ಅವರೂ ಹಾಕಿದರು. ಎದೆಯಲ್ಲಿ ಬೆಲ್ಲ ಕರಗಿದಂತಾಯಿತು. ತರಗತಿ ಮುಗಿದ ಮೇಲೆ ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ಬೇಯಿಸಿದ ಗೆಣಸು, ಮೊಟ್ಟೆ, ಪುಡಿ ಕಾಫಿ. ಮೊದಲ ದಿನ ತಡೆದಿದ್ದ ದಪ್ಪ ಹೆಂಗಸು, ಸುನ್‌ಮಿನ ಅಮ್ಮ, ಇವಳ ಭುಜಕ್ಕೆ ಬಿಸಿ ಪಟ್ಟಿ ಅಂಟಿಸಿ ಪಟಾರೆಂದು ಹೊಡೆದು, "ಏನಕ್ಕಾ, ಹಂದಿ ತೊಡೆ ಇದ್ದಂಗಿದೆ," ಅನ್ನುತ್ತಿದ್ದಳು. ಆ ಏಟಿನ ಉರಿ ಇವಳನ್ನು ಮನೆಯವರೆಗೂ ಬೆಚ್ಚಗಿಡುತ್ತಿತ್ತು.

ಬರೋವರ್ಗೂ. ಆ ಮಾತು ಮಾತ್ರ ಒಳಗೆ ಮುಳ್ಳಿನಂತೆ ಉಳಿಯಿತು. ಅಮ್ಮನಿಗೆ ಶುಶ್ರೂಷೆಯ ಆಸ್ಪತ್ರೆಯಲ್ಲಿ ಮಂಚ ಸಿಗುವುದಕ್ಕಾಗಿ ಒಂದು ಇಡೀ ಬೇಸಿಗೆ ಕಾದಿದ್ದಳು. ದಿನಾ ಫೋನ್ ಮಾಡಿ, ಖಾಲಿಯಾಯಿತೇ, ಖಾಲಿಯಾಯಿತೇ ಎಂದು ಕೇಳುತ್ತಿದ್ದಳು. ಆಯಿತು ಬನ್ನಿ ಅಂದ ದಿನ ಸಂತೋಷಕ್ಕೆ ಅಕ್ಕಿ ಕಡುಬು ಕಟ್ಟಿಸಿಕೊಂಡು ಹೋಗಿ ವಾರ್ಡಿನಲ್ಲೆಲ್ಲ ಹಂಚಿದಳು. ಕಿಟಕಿಯ ಪಕ್ಕದ ಮುದುಕಿಯೊಬ್ಬಳು ಮಾತ್ರ ಕಡುಬು ತೆಗೆದುಕೊಳ್ಳಲಿಲ್ಲ. ಖಾಲಿಯಾದ ಮಂಚದಲ್ಲಿ ಸತ್ತಿದ್ದವಳು ಅವಳ ಗೆಳತಿ. ಅದು ಹ್ವಾಜಾಳಿಗೆ ಹೊಳೆದದ್ದು ಎರಡು ವರ್ಷದ ಮೇಲೆ, ಅಮ್ಮ ಸತ್ತ ಸಂಜೆ, ಮರೆತ ಶಾಲು ತರಲು ವಾರ್ಡಿಗೆ ಹಿಂತಿರುಗಿದಾಗ. ಆ ಮಂಚದ ಮೇಲೆ ಆಗಲೇ ಬೇರೆ ಯಾರೋ ಮಲಗಿದ್ದರು. ಅವರ ಮಗಳು ನಗುತ್ತಾ ಎಲ್ಲರಿಗೂ ಕಿತ್ತಳೆ ಹಣ್ಣು ಹಂಚುತ್ತಿದ್ದಳು. ಹ್ವಾಜಾ ನರ್ಸಿನ ಮೇಲೆ ಇಡೀ ಮಹಡಿಗೆ ಕೇಳುವಂತೆ ಕೂಗಾಡಿದಳು. "ಹಾಸಿಗೆ ಇನ್ನೂ ಬೆಚ್ಚಗಿದೆಯಲ್ಲೇ!"

ಚಳಿಗಾಲದಲ್ಲಿ ಒಂದು ದಿನ ಅಧ್ಯಕ್ಷೆ ಫೋನನ್ನು ಎತ್ತಿ ಹಿಡಿದು ಹಾನ್ಸೋಲ್‌ನ ಅಮ್ಮನ ಮುಖ ತೋರಿಸಿದಳು. ಎಲ್ಲರೂ ಮುಗಿಬಿದ್ದು ಕೈಬೀಸಿದರು. ಹ್ವಾಜಾ ಚಿತ್ರಕ್ಕೆ ಸಿಗದಂತೆ ಕಂಬದ ಹಿಂದೆ ಸರಿದಳು. "ನನ್ನ ಜಾಗದಲ್ಲಿ ಯಾರು ನಿಂತಿರೋದು, ತೋರ್ಸೇ," ಅಂದಿತು ಫೋನು. ಎಳೆದು ತಂದು ತೋರಿಸಿದರು. ಹುಬ್ಬಿಲ್ಲದ ಮುಖವೊಂದು ಇವಳನ್ನು ನೋಡಿ ಕಣ್ಣು ಕಿರಿದು ಮಾಡಿ ನಕ್ಕಿತು. "ಗಟ್ಟಿ ಇದೀಯಮ್ಮ. ಸರಿ, ನನ್ನ ಜಾಗ ತಣ್ಣಗಾಗ್ದಂಗೆ ನೋಡ್ಕೋ." ಎಲ್ಲರೂ ನಕ್ಕರು. ಇವಳೂ ಹಲ್ಲು ಬಿಟ್ಟಳು. ಅದಾದ ಸ್ವಲ್ಪ ದಿನಕ್ಕೆ ಸುನ್‌ಮಿನ ಅಮ್ಮ ಗೆಣಸಿನ ಸಿಪ್ಪೆ ಸುಲಿಯುತ್ತಾ, "ಔಷಧಿ ಹಿಡೀತಿಲ್ಲವಂತೆ. ಪಾಪ, ಕಷ್ಟ ಅಂತಿದಾರೆ," ಅಂದಳು. ಆಗ ಹ್ವಾಜಾ ಹಸಿದವರ ಹಾಗೆ ಇನ್ನೊಂದು ಗೆಣಸಿಗೆ ಕೈ ಹಾಕಿದಳು. ತಿನ್ನುತ್ತಾ ತಿನ್ನುತ್ತಾ ತನಗೆ ಆದದ್ದು ಸಮಾಧಾನವೆಂದು ಗೊತ್ತಾಯಿತು. ಬಾಯಲ್ಲಿದ್ದುದನ್ನು ನುಂಗಲಾಗದೆ ಕಕ್ಕಸಿಗೆ ಹೋಗಿ ಉಗಿದಳು. ಆ ವಾರವೆಲ್ಲ ಇದಕ್ಕೆ ಪ್ರಾಯಶ್ಚಿತ್ತವೆಂಬಂತೆ ಒಂದು ಮಾತನ್ನು ಅಭ್ಯಾಸ ಮಾಡಿದಳು. ಬಾ ಅಕ್ಕಾ, ನಿನ್ನ ಜಾಗ ಬೆಚ್ಚಗಿಟ್ಟಿದ್ದೀನಿ. ಪಾತ್ರೆ ತೊಳೆಯುವಾಗ, ಬಸ್ಸಿನಲ್ಲಿ, ಹಾಸಿಗೆಯಲ್ಲಿ. ಸಲೀಸಾಗಿ ಬರುತ್ತಿತ್ತು.

ಹೊರಗೆ ಈಗ ಗುಡ್ಡದ ಮೇಲೆ ಚೆರ್ರಿ ಹೂವು ಬಿಟ್ಟಿತ್ತು. ಹೆಂಗಸರು ಒಬ್ಬೊಬ್ಬರಾಗಿ ಬಂದರು. ಎಲ್ಲರ ತುಟಿಯ ಬಣ್ಣವೂ ಇವತ್ತು ಒಂದು ಕೈ ಹೆಚ್ಚು. ಅಧ್ಯಕ್ಷೆ ಕಡುಬಿನ ಪೆಟ್ಟಿಗೆ ಹೊತ್ತು ತಂದು ಮೂಲೆಯಲ್ಲಿಟ್ಟಳು. ಹ್ವಾಜಾ ಆಗಲೇ ಹಾಸಿದ್ದ ಟವೆಲನ್ನು ಎತ್ತಿ ಕುತ್ತಿಗೆಗೆ ಹಾಕಿಕೊಂಡು, "ಏನಕ್ಕಾ, ಹುಟ್ಟುಹಬ್ಬವಾ?" ಅಂದಳು.

ಅಧ್ಯಕ್ಷೆ ಅವಳ ಮುಖ ನೋಡಿದಳು. "ಗುಂಪಿನಲ್ಲಿ ಹಾಕಿದ್ನಲ್ಲೇ. ನೋಡ್ಲಿಲ್ವಾ?"

"ಯಾವ ಗುಂಪು?"

"ನಮ್ಮ ಫೋನಿನ ಗುಂಪು... ಸುನ್‌ಮಿನ ಅಮ್ಮಾ, ಇವಳನ್ನ ಸೇರಿಸ್ಲಿಲ್ವಾ ನೀನು?"

"ಅಯ್ಯೋ, ನೀವು ಸೇರಿಸಿದೀರ ಅನ್ಕೊಂಡಿದ್ದೆ ಅಕ್ಕಾ!"

ಇಬ್ಬರೂ ಒಬ್ಬರನ್ನೊಬ್ಬರು ಬೈದುಕೊಂಡರು. ನಿಜವಾಗಿಯೂ ಮರೆತದ್ದು, ಕೆಟ್ಟ ಮನಸ್ಸಿನದಲ್ಲ. ಅದೇ ಕೆಟ್ಟದ್ದು. ಬೇಕೆಂದು ಬಿಟ್ಟಿದ್ದರೆ ಜಗಳವಾಡಬಹುದಿತ್ತು. ಇಡೀ ಚಳಿಗಾಲ ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ತನಗೆ ಅರ್ಥವಾಗದ ಯಾವುದೋ ಮಾತಿಗೆ ಅವರು ನಗುತ್ತಿದ್ದದ್ದು, ತಾನೂ ಜೊತೆಗೆ ನಗುತ್ತಿದ್ದದ್ದು, ಎಲ್ಲ ಒಟ್ಟಿಗೆ ನೆನಪಾಯಿತು. ಅವರ ಹರಟೆಯ ಅರ್ಧ ಆ ಫೋನಿನೊಳಗಿತ್ತು. ಇಲ್ಲಿಗೆ ಬರುತ್ತಿದ್ದದ್ದು ಅದರ ಬಾಲ ಮಾತ್ರ. "ಏನು ಹಾಕಿದ್ದಿ ಗುಂಪಿನಲ್ಲಿ?" ಎಂದು ಕೇಳುವಷ್ಟರಲ್ಲಿ ಬಾಗಿಲು ತೆರೆಯಿತು.

ಉಣ್ಣೆಯ ಟೋಪಿ, ಊದಿಕೊಂಡ ಹಳದಿ ಮುಖ, ಮೈಗಿಂತ ದೊಡ್ಡದಾದ ಮಿಣಮಿಣ ಅಂಗಿ. ಚಪ್ಪಾಳೆ, ಅಳು, ಕಿರುಚಾಟ. "ಸತ್ತೆ ಅನ್ಕೊಂಡ್ರೇನೇ ಮುಂಡೇರಾ! ಕಡುಬು ತಂದೀಯ, ತಿಥೀದಾ?" ಅಂದಳು ಹಾನ್ಸೋಲ್‌ನ ಅಮ್ಮ. ಅಧ್ಯಕ್ಷೆ ಅಳುತ್ತಲೇ ಅವಳ ಬೆನ್ನಿಗೆ ಗುದ್ದಿದಳು. ಗುಂಪು ಅವಳನ್ನು ನಡುವೆ ಇಟ್ಟುಕೊಂಡು ಮುಂದಿನ ಸಾಲಿನವರೆಗೂ ಬಂದು ನಿಂತಿತು. ಕನ್ನಡಿಯಲ್ಲಿ ಎಲ್ಲರ ಕಣ್ಣೂ ಹ್ವಾಜಾಳ ಮೇಲಿತ್ತು. ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಬಾ ಅಕ್ಕಾ, ನಿನ್ನ ಜಾಗ. ಹೇಳುವುದಕ್ಕೆ ಒಂದು ಉಸಿರು ಸಾಕು. ಹೇಳಿ ಹಿಂದಕ್ಕೆ ಹೋದರೆ ಬಾಗಿಲ ಹತ್ತಿರದ ಆ ಮೂಲೆ. ಅಲ್ಲಿ ನಿಂತವಳ ಹಿಂದೆ ಯಾರೂ ಇರುವುದಿಲ್ಲ, ಅವಳು ತಪ್ಪು ಹೆಜ್ಜೆ ಹಾಕಿದರೂ ಸರಿ ಹಾಕಿದರೂ ಒಂದೇ. ಅವಳು ಬಾರದಿದ್ದ ದಿನ ಆ ಮೂಲೆ ಖಾಲಿಯಾಗಿ ಕಾಣುವುದೂ ಇಲ್ಲ. ಹ್ವಾಜಾ ಬಾಗಿ ಬೂಟಿನ ದಾರ ಕಟ್ಟತೊಡಗಿದಳು. ದಾರ ಬಿಚ್ಚಿರಲಿಲ್ಲ.

"ಇರ್ಲಿ ಬಿಡ್ರೇ, ನಾನು ಹಿಂದೆ ನಿಲ್ತೀನಿ," ಅಂದಳು ಹಾನ್ಸೋಲ್‌ನ ಅಮ್ಮ. "ಸುಸ್ತಾದ್ರೆ ಗೋಡೆ ಸಿಗುತ್ತೆ. ಹಿಂದಿಂದ ನಿಮ್ಮೆಲ್ಲರ ಕುಂಡೆ ಹೆಂಗೆ ಕಾಣುತ್ತೆ ನೋಡಿಯೇ ಇಲ್ಲ ನಾನು."

ನಕ್ಕರು. ಅಧ್ಯಕ್ಷೆ ಮಾತ್ರ ನಗದೆ, "ಹ್ವಾಜಾ..." ಎಂದು ಶುರುಮಾಡಿದಳು. ಅಷ್ಟರಲ್ಲಿ ಟೀಚರ್ ಹಾಡು ಹಾಕಿಬಿಟ್ಟಳು.

ಹ್ವಾಜಾ ಕುಣಿದಳು. ಎಂದೂ ಅಷ್ಟು ಚೆನ್ನಾಗಿ ಕುಣಿದಿರಲಿಲ್ಲ. ಭುಜ ನೋಯುವ ಕಡೆಗೇ ಕೈ ಬೀಸಿದಳು, ಯಾರಾದರೂ ನೋಡಿ, ಹೌದು, ಇವಳಿಗೆ ಸಲ್ಲುತ್ತದೆ ಅನ್ನಲಿ ಎಂಬಂತೆ. ಆದರೆ ಹಿಂದಿನ ಸಾಲಿನವರ ಕಣ್ಣು ಅವಳ ಕಾಲಿನ ಮೇಲಿರಲಿಲ್ಲ. ಅವರು ಕತ್ತು ತಿರುಗಿಸಿ ತಿರುಗಿಸಿ ಬಾಗಿಲ ಕಡೆಗೆ ನೋಡುತ್ತಿದ್ದರು. ಇವಳು ಎಡಕ್ಕೆ ಹೋದಾಗ ಅವರು ಬಲಕ್ಕೆ, ಇವಳು ಬಗ್ಗಿದಾಗ ಅವರು ನೆಟ್ಟಗೆ. ಎರಡನೆಯ ಹಾಡಿನ ನಡುವೆ ಹಿಂದೆ ಏನೋ ದಬ್ಬೆಂದಿತು. ಉಣ್ಣೆಯ ಟೋಪಿ ಗೋಡೆಯುದ್ದಕ್ಕೂ ಜಾರಿ ನೆಲ ಮುಟ್ಟುವುದು ಕನ್ನಡಿಯಲ್ಲಿ ಕಂಡಿತು.

ಎಲ್ಲರೂ ಓಡಿದರು. "ನೀರು! ಯಾರಾದ್ರೂ ನೀರು ತನ್ನಿ!" ಹ್ವಾಜಾಳ ಕಾಲಬುಡದಲ್ಲೇ ತುಂಬಿದ ಬಾಟಲಿ ಇತ್ತು. ಅದನ್ನು ತಟಕ್ಕನೆ ಎತ್ತಿಕೊಂಡಳು. ಎತ್ತಿಕೊಂಡವಳು ಓಡಬೇಕಿತ್ತು. ಅವಳಿಗಿಂತ ಮೊದಲು ಅವಳ ಎಡಗೈ ಕುತ್ತಿಗೆಯ ಟವೆಲನ್ನು ಎಳೆಯಿತು, ಒಂದು ಮಡಿಕೆ ಮಡಚಿತು, ಬಗ್ಗಿ ತಾನು ನಿಂತಿದ್ದ ಜಾಗದ ಮೇಲೆ ಹಾಸಿತು, ಮೂಲೆ ಮಡಚಿಕೊಂಡಿದ್ದನ್ನು ಸರಿಮಾಡಿತು. ಹಾಡು ಇನ್ನೂ ಹರಿಯುತ್ತಲೇ ಇತ್ತು. ತಲೆ ಎತ್ತಿದಾಗ ಕನ್ನಡಿಯಲ್ಲಿ, ಕೋಣೆಯ ಆ ತುದಿಯಲ್ಲಿ, ಅಧ್ಯಕ್ಷೆ ಹಾನ್ಸೋಲ್‌ನ ಅಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಇವಳನ್ನೇ ನೋಡುತ್ತಿದ್ದಳು. ಸುನ್‌ಮಿನ ಅಮ್ಮನೂ ನೋಡುತ್ತಿದ್ದಳು.

ಹ್ವಾಜಾ ಹತ್ತಿರ ಬರುವ ಹೊತ್ತಿಗೆ ಟೀಚರ್ ತನ್ನ ಬಾಟಲಿಯಿಂದ ನೀರು ಕುಡಿಸಿದ್ದಳು. ಹಾನ್ಸೋಲ್‌ನ ಅಮ್ಮ ಕಣ್ಣು ಬಿಟ್ಟು, ಏನಿಲ್ಲ, ತಲೆ ತಿರುಗಿತು ಅಷ್ಟೇ, ಆಂಬುಲೆನ್ಸು ಗೀಂಬುಲೆನ್ಸು ಅಂದರೆ ನೋಡಿ ಮತ್ತೆ ಅನ್ನುತ್ತಿದ್ದಳು. ಸುತ್ತ ನೆರೆದವರ ಕಾಲುಗಳ ಸಂದಿಯಿಂದ ಅವಳ ಕಣ್ಣು ಮುಂದಿನ ಸಾಲಿನವರೆಗೂ ಹೋಯಿತು, ನೀಲಿ ಟವೆಲಿನ ಮೇಲೆ ನಿಂತಿತು, ಹ್ವಾಜಾಳ ಮುಖಕ್ಕೆ ವಾಪಸು ಬಂತು.

"ಟವೆಲ್ ಹಾಕಿ ಬಂದ್ಯಾ? ಒಳ್ಳೇದು ಮಾಡ್ದೆ ಕಣಮ್ಮ," ಅಂದಳು. "ಇಲ್ಲಾಂದ್ರೆ ಇವರು ಬಿಡ್ತಾರಾ? ಕಣ್ಣು ಮಿಟುಕಿಸೋದ್ರಲ್ಲಿ ನಿಂತ್ಬಿಡ್ತಾರೆ."

ಹ್ವಾಜಾ ಆ ದನಿಯಲ್ಲಿ ಕೊಂಕು ಹುಡುಕಿದಳು. ಇದ್ದಿದ್ದರೆ ಹಿಡಿದುಕೊಳ್ಳುವುದಕ್ಕೆ ಏನಾದರೂ ಸಿಗುತ್ತಿತ್ತು. ಇರಲಿಲ್ಲ. ಕಷ್ಟಪಟ್ಟು ಜಾಗ ಹಿಡಿದು ಗೊತ್ತಿದ್ದವಳು, ಹಿಡಿಯುವ ಇನ್ನೊಬ್ಬಳಿಗೆ ಹೇಳುವ ಬುದ್ಧಿಮಾತು ಅದು. ಯಾರೂ ನಗಲಿಲ್ಲ. ಯಾರೂ ಬೈಯಲೂ ಇಲ್ಲ. ಸುನ್‌ಮಿನ ಅಮ್ಮ ಕೆಳಗೆ ನೋಡುತ್ತಾ ಹಾನ್ಸೋಲ್‌ನ ಅಮ್ಮನ ಅಂಗಾಲು ತಿಕ್ಕುತ್ತಿದ್ದಳು. "ಬಾ ಅಕ್ಕಾ," ಅಂದಳು ಹ್ವಾಜಾ. ಮಾತು ಈಗ ಬಂತು. "ಮುಂದೆ ಬಾ, ನಿನ್ನ ಜಾಗ..."

"ಇವತ್ತು ಕಾಲಲ್ಲಿ ಬಲ ಇಲ್ಲಮ್ಮ. ನೀನು ಹೋಗು. ಹೋಗಿ ಕುಣಿ."

ಸ್ವಲ್ಪ ಹೊತ್ತು ಬಿಟ್ಟು ಟೀಚರ್ ಚಪ್ಪಾಳೆ ತಟ್ಟಿದಳು. "ಒಂದು ಹಾಡು ನಿಧಾನಕ್ಕೆ ಕುಣಿದು ಮುಗಿಸೋಣ. ಎಲ್ಲರೂ ನಿಮ್ಮ ನಿಮ್ಮ ಜಾಗಕ್ಕೆ." ಅಧ್ಯಕ್ಷೆ ಏಳಲಿಲ್ಲ. ಗೋಡೆಗೆ ಒರಗಿದ ಗೆಳತಿಯ ಪಕ್ಕದಲ್ಲೇ ಕಾಲು ಚಾಚಿ ಕೂತಳು. ಸುನ್‌ಮಿನ ಅಮ್ಮ ಎದ್ದು ಬಂದು ಹಿಂದಿನ ಸಾಲಿನಲ್ಲೇ ಎಲ್ಲೋ ನಿಂತಳು, ಮುಂದಿನ ಸಾಲಿನ ಇನ್ನಿಬ್ಬರೂ ಅಲ್ಲೇ ನಿಂತರು. ಹ್ವಾಜಾ ಮುಚ್ಚಳ ತೆರೆಯದ ಬಾಟಲಿ ಹಿಡಿದು ಹೊರಟಾಗ ನಡುವೆ ಇದ್ದವರು ಎರಡೂ ಕಡೆಗೆ ಸರಿದು ದಾರಿ ಬಿಟ್ಟರು, ತುಂಬ ಮರ್ಯಾದೆಯಿಂದ. ಮುಂದೆ ಕನ್ನಡಿಯ ತುಂಬ ಅವಳೊಬ್ಬಳೇ ನಡೆದು ಬರುತ್ತಿದ್ದಳು. ಟವೆಲ್ ಹಾಸಿದ ಹಾಗೆಯೇ ಇತ್ತು. ಯಾರೂ ಅದನ್ನು ಮುಟ್ಟಿರಲಿಲ್ಲ.